ಮುನ್ನೂರ ಹದಿನೆಂಟು ಸೆಕೆಂಡು

ಡಿಸೆಂಬರಿನ ಬೆಳಗ್ಗೆ ಹತ್ತೂಕಾಲಿಗೆ ಕರೆಂಟು ಹೋಯಿತು.
ದುರ್ಗದ ಪಾಲಿಟೆಕ್ನಿಕ್ಕಿನ ಮೂಲೆಯ ಲ್ಯಾಬಿನಲ್ಲಿ
ಹೀಟರು ಟಿಕ್ ಎಂದು ಸುಮ್ಮನಾಯಿತು.
ಹಿತ್ತಾಳೆ ಬಟ್ಟಲಲ್ಲಿ ಚಳ್ಳಕೆರೆ ಮಿಲ್ಲಿನ ಶೇಂಗಾ ಎಣ್ಣೆ
ಇಪ್ಪತ್ತೆರಡು ಡಿಗ್ರಿಯಲ್ಲಿ
ಕಂಬಳಿ ಹೊದ್ದವರ ಹಾಗೆ ಕೂತಿತ್ತು.

ಹೊರಗಿನಿಂದ ಬಂದ ಪರೀಕ್ಷಕರಿಗೆ ಒಂದು ಗಂಟೆಯ ಬಸ್ಸು.
"ಹಳೇ ರೆಕಾರ್ಡಿನ ಅಂಕಿ ಇರಬೇಕಲ್ಲ, ಬರೆಸಿಬಿಡಿ ಮೇಡಂ."
ಇತ್ತು. ಹುಡುಗರಿಗೆಲ್ಲ ಬಾಯಿಪಾಠವೇ ಇತ್ತು:
ನಲವತ್ತು ಡಿಗ್ರಿಗೆ ನೂರ ಎಪ್ಪತ್ತು ಸೆಕೆಂಡು,
ಐದು ವರ್ಷದಿಂದ ಒಂದು ಹನಿಯೂ ಬೀಳದೆ
ಪುಸ್ತಕದಿಂದ ಪುಸ್ತಕಕ್ಕೆ ಸಲೀಸಾಗಿ ಹರಿದು ಬಂದದ್ದು.

ಮೆಹರುನ್ನೀಸಾ ಯಾರನ್ನೂ ಕೇಳದೆ
ತೂತಿನ ಮೇಲಿದ್ದ ಗುಂಡನ್ನು ಎತ್ತಿದಳು.
ಸ್ಟಾಪ್‌ವಾಚು ಒತ್ತಿದಳು.

ಸಾಸಿವೆ ಹಿಡಿಸುವಷ್ಟು ತೂತು.
ಅದರಿಂದ ಒಂದು ಹೊಂಬಣ್ಣದ ನೂಲು ಇಳಿದು
ಸೀಸೆಯ ತಳದಲ್ಲಿ ಸುರುಳಿ ಸುತ್ತಿ,
ಸುರುಳಿ ತನ್ನಲ್ಲೇ ಕರಗಿತು.

"ಅಷ್ಟರಲ್ಲಿ ವೈವಾ ಮುಗಿಸೋಣ. ಸ್ನಿಗ್ಧತೆ ಅಂದರೇನಮ್ಮ?"

ಸ್.
ಸ್. ಸ್ನಿ.
ಅಕ್ಷರ ಹಲ್ಲಿನ ಹಿಂದೆ ಬಂದು ನಿಂತಿತು.

ನನಗೆ ಗೊತ್ತು ಆ ನಿಲ್ಲುವಿಕೆ.
ವರ್ಷವಿಡೀ ಅವಳ ವಾಕ್ಯಗಳನ್ನು ನಾನೇ ಮುಗಿಸಿಕೊಟ್ಟಿದ್ದೇನೆ
ಕರುಣೆ ಅಂದುಕೊಂಡು, ಗಡಿಯಾರ ನೋಡುತ್ತ.
ಅವಳು ಏನೋ ಹೇಳಹೊರಟಿದ್ದಳು, ನಾನು ಇನ್ನೇನೋ ಕೈಗಿಟ್ಟೆ,
ಹೂಂ ಅಂದು ಕೂತಳು. ಎಷ್ಟು ಸಲವೋ.
ಮೆಟ್ಟಿಲ ಮೇಲೆ ಗೆಳತಿಯರ ನಡುವೆ ಅವಳ ಉರ್ದು
ಕಾದ ಹಂಚಿನ ಮೇಲಿನ ಎಣ್ಣೆಯಂತೆ ಓಡುವುದನ್ನು
ಕಿಟಕಿಯಿಂದ ಕೇಳಿಯೂ ಇದ್ದೆ.

ಈಗಲೂ ಉತ್ತರ ನಾಲಿಗೆಯ ತುದಿಗೆ ಬಂದಿತ್ತು,
ನನ್ನ ನಾಲಿಗೆಯ ತುದಿಗೆ.
ಅಟೆಂಡರ್ ಪಾಲಯ್ಯ, ಹೆಗಲ ಮೇಲೆ ಒರೆಸುವ ಬಟ್ಟೆ,
"ತಡೀರಿ ಮೇಡಮ್ಮ," ಅಂದ. "ಬರ್ತೈತೆ."
ಯಾವುದು ಅಂತ ಹೇಳಲಿಲ್ಲ.

ನೂರು. ನೂರ ಐವತ್ತು.
ಜೋಗಿಮಟ್ಟಿಯ ನೆತ್ತಿಯಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು,
ಅವುಗಳ ಕರೆಂಟು ಯಾವೂರಿಗೋ.
ಪರೀಕ್ಷಕರ ಪೆನ್ನು ಮೇಜನ್ನು ಕುಟ್ಟಿತು, ಆಮೇಲೆ
ಅದೂ ಬೇಸತ್ತು ನಿಂತಿತು.
ಇಪ್ಪತ್ತು ಜನ ಹುಡುಗರು ಒಂದು ನೂಲು ನೋಡುತ್ತಿದ್ದರು.

"ಗೋ... ಗೋಡೆಗೆ ಅಂಟಿದ ಪದರ ಕದಲಲ್ಲ ಸರ್.
ಅದರ ಪಕ್ಕದ್ದು ಚೂರು ಕದಲ್ತದೆ. ಇದು ಅದನ್ನ ಹಿ...
ಹಿಡ್ಕೊಂಡಿರ್ತದೆ.
ನಡುವಿನದಕ್ಕೆ ಓಡಬೇಕು ಅಂತ ಆಸೆ.
ಸೆರಗು ಹಿಡಿದವರು ಬಹಳ ಸರ್ ಅದಕ್ಕೆ.
ಹೋಗ್ತದೆ. ಎ... ಎಲ್ಲರನ್ನೂ ಕರ್ಕೊಂಡು ಹೋಗ್ತದೆ."

ಮೇಲೆ ಕೋಟೆಯಲ್ಲಿ ಎಣ್ಣೆಕೊಳದ ಕಲ್ಲು
ಇನ್ನೂ ಜಾರುತ್ತದೆ ಎಂದು ಪಾಲಯ್ಯ ಹೇಳುತ್ತಿರುತ್ತಾನೆ.
ತುಂಬಿಟ್ಟವರು ಹೋದರು, ಎಣ್ಣೆ ಬತ್ತಿತು,
ಎಷ್ಟು ತಲೆಮಾರಾಯಿತೋ.
ಸುಳ್ಳು ಅಂತ ನಗುತ್ತಿದ್ದೆ. ಒಮ್ಮೆ ಹತ್ತಿ
ಬೆರಳಿಟ್ಟು ನೋಡಬೇಕು.

ಐವತ್ತರ ಗೆರೆ ಮುಟ್ಟಿತು. ಮುನ್ನೂರ ಹದಿನೆಂಟು.
ಅಷ್ಟನ್ನೇ ಬರೆದಳು, ಪಕ್ಕದಲ್ಲಿ: ಕರೆಂಟು ಇರಲಿಲ್ಲ.
ಪರೀಕ್ಷಕರು ಏನು ಅಂಕ ಹಾಕಿದರೋ,
ಹಾಳೆಗೆ ಕೈ ಅಡ್ಡ ಹಿಡಿದಿದ್ದರು.

ಸ್ನೇಹ ಅಂದರೆ ಎಣ್ಣೆ ಅಂತಲೂ ಅರ್ಥ, ಗೊತ್ತಾ ಎಂದು
ಸ್ಟಾಫ್‌ರೂಮಿನಲ್ಲಿ ಗುಂಡಾಭಟ್ಟರು ಒಮ್ಮೆ ಶುರುಮಾಡಿದ್ದರು;
ನಾನು ಟಿಫಿನ್ ಡಬ್ಬಿ ಮುಚ್ಚುವ ಅವಸರದಲ್ಲಿದ್ದೆ.

ಸೀಸೆ ತೆಗೆದ ಮೇಲೂ
ಬಟ್ಟಲು ತೊಟ್ಟಿಕ್ಕುತ್ತಲೇ ಇತ್ತು.
ಈಗ ಯಾರೂ ಎಣಿಸುತ್ತಿರಲಿಲ್ಲ.
ಪಾಲಯ್ಯ ಸ್ಟೀಲಿನ ಲೋಟ ಹಿಡಿದು ಕಾದ,
ಕೊನೆಯ ಹನಿ ಬೀಳಲೋ ಬೇಡವೋ ಎಂದು ನೇತಾಡಿ
ಬಿದ್ದ ಮೇಲೆ,
ಲೋಟವನ್ನು ಒಯ್ದು
ವರ್ಷದಿಂದ ಕಿರುಗುಡುತ್ತಿದ್ದ ಬಾಗಿಲ ಕೀಲಿಗೆ
ಮೂರು ಹನಿ ಬಿಟ್ಟ.